ಸತ್ತುಹೋದ ವಜ್ರ

"ಇದು ನಮ್ಮತ್ತೆಯವರದ್ದಪ್ಪಾ. ಎರಡು ವಜ್ರ ಸತ್ತುಹೋಗಿವೆ, ಬೇರೆ ಹಾಕಿಕೊಡು" ಎಂದು ಅಜ್ಜಿ ಪದಕದ ಸರವನ್ನು ನನ್ನ ಮುಂದಿಟ್ಟರು. ಜೈಪುರದ ಕುಂದಣದ ಕೆಲಸ. ಮುಂದೆ ಪೋಲ್ಕಿ ವಜ್ರ, ಹಿಂದೆ ಕೆಂಪು ಹಸಿರು ಮೀನಾಕಾರಿ, ಅಂದರೆ ಬಂಗಾರದ ಮೇಲೆ ಕಾಯಿಸಿ ಕೂರಿಸಿದ ಗಾಜಿನ ಬಣ್ಣ (ಮೀನಾ). ನಾನು ಅಕ್ಕಸಾಲಿ. ಎರಡು ವರ್ಷ ಜೈಪುರದಲ್ಲೇ ಕೂತು ಈ ಕೆಲಸ ಕಲಿತವನು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗಾಜಿನಲ್ಲಿ ನೋಡಿದೆ. ಹರಳು ಚೆನ್ನಾಗಿಯೇ ಇತ್ತು. ಪೋಲ್ಕಿ ಚಪ್ಪಟೆ ಕಲ್ಲು, ಅದಕ್ಕೆ ಈಗಿನ ವಜ್ರದ ಹಾಗೆ ಹತ್ತಾರು ಮುಖ ಇರುವುದಿಲ್ಲ. ಅದನ್ನು ಹೊಳೆಸುವುದು ಅಡಿಯಲ್ಲಿರುವ ಬೆಳ್ಳಿ ತಗಡು. ಅಲ್ಲಿಗೆ ನೀರು ಇಳಿದರೆ ತಗಡು ಕಪ್ಪಾಗುತ್ತದೆ, ನಮಗೆ ವಜ್ರವೇ ಸತ್ತ ಹಾಗೆ ಕಾಣುತ್ತದೆ.

ಹರಳಿನ ಅಂಚಿನ ಬಂಗಾರವನ್ನು ಸಣ್ಣ ಉಳಿಯಿಂದ ಕೆತ್ತಿ ಬಿಡಿಸಿದೆ. ಅರ್ಧ ದಿನ ಹಿಡಿಯಿತು. ಕೈ ಜಾರಿದರೆ ಮೀನಾ ಸಿಡಿಯುತ್ತದೆ, ಅದನ್ನು ಸರಿಮಾಡುವುದು ನನ್ನ ಕೈಲಿ ಆಗದ ಮಾತು. ಒಳಗಿನ ಅರಗು ಒಣಗಿ ಪುಡಿಯಾಗಿತ್ತು. ಅದನ್ನು ಕೆರೆದು ತೆಗೆದು, ಹೊಸ ಅರಗನ್ನು ಕೆಂಡದ ಕಾವಿನಲ್ಲಿ ಮೆತ್ತಗೆ ಮಾಡಿ ತುಂಬಿದೆ. ಬೆಳ್ಳಿ ತಗಡನ್ನು ಬಟ್ಟಲಿನ ಹಾಗೆ ಬಗ್ಗಿಸಿ, ಹಳೆಯ ಹರಳನ್ನೇ ಕೂರಿಸಿದೆ.

ಆಮೇಲೆ ಕುಂದಣ. 24 ಕ್ಯಾರೆಟ್ಟಿನ ಅಪರಂಜಿಯನ್ನು ಬಡಿದು ಬಡಿದು ತೆಳು ಪಟ್ಟಿ ಮಾಡಿ, ಹರಳಿನ ಸುತ್ತ ಒತ್ತುತ್ತಾ ಹೋಗಬೇಕು. ಬೆಂಕಿ ಇಲ್ಲ, ಬೆಸುಗೆ ಇಲ್ಲ. ಒತ್ತಡಕ್ಕೇ ಪದರಕ್ಕೆ ಪದರ ಕೂಡಿಕೊಳ್ಳುತ್ತದೆ. 22 ಕ್ಯಾರೆಟ್ಟಿನಲ್ಲಿ ಇದು ಆಗದು. ಬೇರೆ ಲೋಹ ಬೆರೆತು ಗಟ್ಟಿಯಾಗಿರುತ್ತದಲ್ಲ. ಬೆರಳಿನ ಜಿಡ್ಡು ತಾಕಿದರೂ ಪದರ ಬಿಡುತ್ತದೆ. ನನಗೆ ಒಂದು ಹರಳನ್ನು ಎರಡು ಸಲ ಮಾಡಬೇಕಾಯಿತು. ಕೊನೆಗೆ ಅಕೀಕು ಎಂಬ ನುಣುಪು ಕಲ್ಲಿನ ಕಡ್ಡಿಯಿಂದ ತಿಕ್ಕಿ ಹೊಳಪು ಕೊಟ್ಟೆ.

ಒಡವೆ ಒಯ್ಯಲು ಬಂದ ಅಜ್ಜಿಗೆ ಕೆತ್ತಿದ ಬಂಗಾರದ ಚೂರುಗಳನ್ನೂ ಪೊಟ್ಟಣ ಕಟ್ಟಿ ಕೊಟ್ಟೆ. ಇಂಥ ಒಡವೆ ಮಾರುವಾಗ ಅರಗಿನ ತೂಕ ಕಳೆಯಬೇಕು, ಅದನ್ನು ಬಂಗಾರ ಅಂದುಕೊಳ್ಳಬೇಡಿ ಎಂದೂ ಹೇಳಿದೆ.

"ಮಾರುವ ಮಾತೇ ಇಲ್ಲ. ಹಬ್ಬಕ್ಕೆ ಒಂದ್ಸಲ ಅಂಟುವಾಳದ ನೀರಲ್ಲಿ ನೆನೆಸಿ ತೊಳೀಬಹುದು ಅಲ್ವಾ? ನಮ್ಮತ್ತೆ ಹಾಗೇ ಮಾಡುತ್ತಿದ್ದರು."

ಆ ನೀರೇ ತಗಡನ್ನು ಕಪ್ಪು ಮಾಡಿದ್ದು. "ಒಣಗಿದ ಮೆತ್ತನೆ ಬಟ್ಟೆ ಸಾಕು ಅಜ್ಜಿ" ಅಂದೆ. ಅತ್ತೆಯ ವಿಷಯ ಎತ್ತಲಿಲ್ಲ.