ಸ್ಲೀಪ್‌ಗೆ ಹಾಕುವುದಾ, ಶಟ್‌ಡೌನ್ ಮಾಡುವುದಾ?

ಕಂಪ್ಯೂಟರ್ ಬಿಟ್ಟು ಊಟಕ್ಕೆ ಎದ್ದು ಹೋಗಿ ಒಂದು ಗಂಟೆಯಲ್ಲಿ ವಾಪಸ್ ಬರುವುದಾದರೆ ಸ್ಲೀಪ್ ಸಾಕು. ಸ್ಲೀಪ್‌ನಲ್ಲಿ ಪರದೆ, ಡಿಸ್ಕ್ ಎಲ್ಲ ಆರುತ್ತವೆ, ಸದ್ಯದ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ರ್‍ಯಾಮ್‌ಗೆ ಮಾತ್ರ ಚೂರು ಕರೆಂಟ್ ಹೋಗುತ್ತಲೇ ಇರುತ್ತದೆ, ಅದಕ್ಕೇ ತೆರೆದಿಟ್ಟ ಫೈಲು ಇದ್ದ ಹಾಗೇ ಸಿಗುವುದು.

ತೊಂದರೆ ಡೆಸ್ಕ್‌ಟಾಪ್‌ನವರಿಗೆ. ಅದಕ್ಕೆ ಬ್ಯಾಟರಿ ಇಲ್ಲ ಅಲ್ವಾ, ಕರೆಂಟ್ ಹೋದರೆ ರ್‍ಯಾಮ್‌ನಲ್ಲಿ ಇದ್ದದ್ದೂ ಹೋಯಿತು. ನಮ್ಮ ಉಡುಪಿಯ ಮಳೆಗಾಲ ಗೊತ್ತೇ ಇದೆ. ಹೋದ ಜೂನ್‌ನಲ್ಲಿ ನಾನು ಸೇವ್ ಮಾಡದೆ ಸ್ಲೀಪ್‌ಗೆ ಹಾಕಿ ಚಾ ಮಾಡಲು ಹೋದೆ, ಹಾಲು ಉಕ್ಕುವ ಮೊದಲೇ ಕರೆಂಟ್ ಹೋಗಿ ಎರಡು ಪುಟ ಮಾಯ!

ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿ ಮಂಗಳೂರಿನ ಬಸ್ ಹತ್ತುವವರು ಹೈಬರ್ನೇಟ್ ಮಾಡಿ. ರ್‍ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆದು ಆಫ್ ಆಗುತ್ತದೆ, ಬ್ಯಾಗಿನೊಳಗೆ ಬಿಸಿಯಾಗುವುದಿಲ್ಲ. ವಿಂಡೋಸ್‌ನ ಪವರ್ ಮೆನುವಿನಲ್ಲಿ ಹೈಬರ್ನೇಟ್ ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಕಡೆ ಅದಕ್ಕೆ ಟಿಕ್ ಹಾಕಿ.

ಇನ್ನೊಂದು ತಮಾಷೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಕೂಡ ಪೂರ್ತಿ ಶಟ್‌ಡೌನ್ ಅಲ್ಲ, ವಿಂಡೋಸ್ ತನ್ನ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಸಿಸ್ಟಮ್ ಜಾಸ್ತಿ ನಿಧಾನ ಆಗಿದ್ದರೆ ಸುಮ್ನೆ ರೀಸ್ಟಾರ್ಟ್ ಕೊಡಿ. ಇಲ್ಲವೇ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ, ಎರಡರಲ್ಲೂ ವಿಂಡೋಸ್ ಹೊಸದಾಗಿ ಶುರುವಾಗುತ್ತದೆ.

ಸಂಜೆ ಮೋಡ ಕಟ್ಟಿತಾ? ಸಿಡಿಲು ಶುರುವಾಗುವ ಮೊದಲೇ ಶಟ್‌ಡೌನ್ ಮಾಡಿ ಪ್ಲಗ್ ಕೀಳಿ. ರೌಟರ್‌ನಿಂದ ಬರುವ ವಯರ್ ಕೂಡ.