ಥರ್ಮಾಮೀಟರ್ ಒಡೆದರೆ ಪೊರಕೆ ಮುಟ್ಟಬೇಡಿ

ಪಾದರಸದ ಥರ್ಮಾಮೀಟರ್ ಕೈಜಾರಿ ಬಿತ್ತೇ? ಮೊದಲು ಫ್ಯಾನ್ ಆರಿಸಿ. ಮಕ್ಕಳನ್ನು ಆಚೆ ಕಳಿಸಿ, ಒಳಗಿನ ಬಾಗಿಲು ಮುಚ್ಚಿ, ಬೀದಿ ಕಡೆಯ ಕಿಟಕಿ ಪೂರ್ತಿ ತೆಗೆಯಿರಿ. ಬಸವನಗುಡಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುವವಳು ನಾನು. ನಮ್ಮ ಬೀದಿಯಲ್ಲಿ ಎಲ್ಲಿ ಪಾದರಸ ಚೆಲ್ಲಿದರೂ ಫೋನ್ ನನಗೇ ಬರುತ್ತದೆ, ಕೇಳುವುದೂ ಒಂದೇ: "ಅಕ್ಕಾ, ಮಗು ನುಂಗಿಬಿಟ್ಟಿದ್ದರೆ?"

ನುಂಗಿದ ಪಾದರಸವನ್ನು ಕರುಳು ಹೀರುವುದು ತೀರಾ ಕಡಿಮೆ, ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಬಾಯಲ್ಲಿ ಗಾಜಿನ ಚೂರಿದೆಯೇ ನೋಡಿ, ವಾಂತಿ ಮಾಡಿಸಬೇಡಿ, ಡಾಕ್ಟರಿಗೆ ತೋರಿಸಿ. ನಿಜವಾಗಿ ಹೆದರಬೇಕಾದದ್ದು ಅದರ ಆವಿಗೆ. ಮನೆಯೊಳಗಿನ ಸಾಧಾರಣ ಶಾಖಕ್ಕೇ ಪಾದರಸ ಆವಿಯಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಉಸಿರಲ್ಲಿ ಒಳಹೋದದ್ದರಲ್ಲಿ ಸುಮಾರು ಶೇ. 80ರಷ್ಟು ರಕ್ತ ಸೇರಿ ಮಿದುಳು, ಮೂತ್ರಪಿಂಡಗಳಿಗೆ ತಲುಪುತ್ತದೆ. ಇಂಥ ಗಾಳಿಯಲ್ಲೇ ತಿಂಗಳುಗಟ್ಟಲೆ ಇದ್ದವರಿಗೆ ಕೈನಡುಕ, ನಿದ್ರೆಗೇಡು, ಮರೆವು, ಸಿಡುಕು ಶುರುವಾಗಬಹುದು. ಅಂಬೆಗಾಲಿಡುವ ಮಗುವಿನ ಮೂಗು ನೆಲಕ್ಕೆ ಹತ್ತಿರ ಎನ್ನುವುದು ನೆನಪಿರಲಿ. ಬಸುರಿಯರಂತೂ ಆ ಕೋಣೆಗೆ ಕಾಲಿಡಬಾರದು.

ಪೊರಕೆ ಆಡಿಸಿದರೆ ಒಂದು ಗುಂಡು ನೂರಾಗಿ ಚೆದುರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು, ಆವಿಯನ್ನು ಮನೆತುಂಬ ಊದುತ್ತದೆ.

ಉಂಗುರ, ಬಳೆ ಬಿಚ್ಚಿಡಿ, ಪಾದರಸ ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ಗ್ಲೌಸ್ ಹಾಕಿ ಗಾಜಿನ ಚೂರು ಆರಿಸಿ. ಆಮೇಲೆ ಹಳೇ ಲಗ್ನಪತ್ರಿಕೆಯ ದಪ್ಪ ರಟ್ಟು ಎರಡು ತಗೊಂಡು ಗುಂಡುಗಳನ್ನು ಮೆಲ್ಲಗೆ ಒಂದರ ಕಡೆಗೊಂದು ತಳ್ಳಿ. ತಾಗಿದ ಕ್ಷಣ ಎರಡೂ ಸೇರಿ ಒಂದಾಗುತ್ತವೆ. ದೊಡ್ಡದಾದ ಮೇಲೆ ಸೂಜಿ ತೆಗೆದ ಸಿರಿಂಜಿನಿಂದ ಎಳೆದುಕೊಂಡು, ಸ್ವಲ್ಪ ನೀರಿರುವ ಪ್ಲಾಸ್ಟಿಕ್ ಬಾಟಲಿಗೆ ಬಿಡಿ. ಈಗ ಲೈಟ್ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಓರೆಯಾಗಿ ಬೆಳಕು ಹಾಯಿಸಿ. ಬೀರು ಕೆಳಗೆ, ಮಂಚದ ಕಾಲಿನ ಹತ್ತಿರ ಸಾಸಿವೆಗಿಂತ ಸಣ್ಣವು ಮಿನುಗುತ್ತವೆ, ಅವನ್ನು ಟೇಪಿಗೆ ಅಂಟಿಸಿ ಎತ್ತಿ. ನಮ್ಮ ಕಡೆಯ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿ ಬಿರುಕು ಜಾಸ್ತಿ. ಅಲ್ಲಿಗೆ ಗಂಧಕದ ಪುಡಿ ಉದುರಿಸಿ, ಅದು ಪಾದರಸವನ್ನು ಹಿಡಿದಿಡುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಕೇಳಿ ನೋಡಿ. ಪಾದರಸ ತಾಗಿದ ಬಟ್ಟೆಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಲೇಬೇಡಿ. ಕಿಟಕಿ ಒಂದು ದಿನವಾದರೂ ತೆರೆದಿರಲಿ.

ಥರ್ಮಾಮೀಟರಿನಲ್ಲಿರುವುದು ಸುಮಾರು 1 ಗ್ರಾಂ. ಹಳೇ ಬಿಪಿ ಉಪಕರಣದಲ್ಲಿ ಅದರ ಎಷ್ಟೋ ಪಟ್ಟು ಇರುತ್ತದೆ. ಅದು ಒಡೆದರೆ ನೀವೇ ಕೈಹಾಕದೆ ಕೋಣೆ ಮುಚ್ಚಿ, ತಿಳಿದವರನ್ನು ಕರೆಸಿ.

ಸಿಂಕಿಗೆ, ಕಮೋಡಿಗೆ ಸುರಿಯುವವರಿದ್ದಾರೆ, ದಯವಿಟ್ಟು ಬೇಡ. ನಮ್ಮ ಕಡೆಯ ಚರಂಡಿ ನೀರು ವೃಷಭಾವತಿ ನದಿ ಸೇರಿ ಬೈರಮಂಗಲ ಕೆರೆಗೆ ಹೋಗುತ್ತದೆ. ಕೆಸರಿನ ಬ್ಯಾಕ್ಟೀರಿಯಾ ಪಾದರಸವನ್ನು ಮೀಥೈಲ್ ಮರ್ಕ್ಯುರಿ ಎಂಬ ವಿಷವಾಗಿ ಬದಲಿಸಬಲ್ಲವು, ಅದು ಮೀನಿನಲ್ಲಿ ಕೂಡುತ್ತಾ ಹೋಗುತ್ತದೆ. ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಇದೇ ವಿಷದಿಂದ ಜಪಾನಿನ ಮಿನಮಾಟಾದಲ್ಲಿ ಮೀನು ತಿಂದವರ ನರಗಳೇ ಹಾಳಾದವು. ಆ ರೋಗ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ.

ಒಡೆದ ಥರ್ಮಾಮೀಟರ್, ಸಿಎಫ್ಎಲ್, ಟ್ಯೂಬ್‌ಲೈಟ್ ಎಲ್ಲವನ್ನೂ 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸ ಎಂದು ಗುರುತಿಸಿದ್ದವು. ಬಾಟಲಿ, ಚೂರು, ಟೇಪು, ಗ್ಲೌಸ್ ಎಲ್ಲ ಒಂದು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಮೇಲೆ "ಪಾದರಸ – ತೆಗೆಯಬೇಡಿ" ಎಂದು ಬರೆಯಿರಿ. ಹಸಿ ಕಸ, ಒಣ ಕಸದ ಜೊತೆ ಸೇರಿಸದೆ ಬೇರೆಯಾಗಿ ಕೊಡಿ. ಕಸದ ಗಾಡಿಯವರು ಬರಿಗೈಯಲ್ಲೇ ವಿಂಗಡಿಸುತ್ತಾರೆ, ಹಾಗಾಗಿ ಚೀಟಿ ಇದ್ದರೂ ಕೊಡುವಾಗ ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ.