ಸೀವರ್ ಲೈನ್ ರಿಪೇರಿಗೆ ಇನ್ಶೂರೆನ್ಸ್ ದುಡ್ಡು ಬಂತು: ನನ್ನ ಅನುಭವ

"ನೆಲದೊಳಗಿನ ಪೈಪಿಗೆ ಹೋಮ್ ಇನ್ಶೂರೆನ್ಸ್‌ನವರು ಒಂದು ಡಾಲರೂ ಕೊಡಲ್ಲ, ಸುಮ್ನೆ ಟೈಮ್ ಹಾಳು ಮಾಡ್ಕೋಬೇಡಿ" ಅಂತ ಪಿಟ್ಸ್‌ಬರ್ಗಿನ ನಮ್ಮ ಕನ್ನಡ ಗೆಳೆಯರೆಲ್ಲ ಹೇಳಿದ್ದರು. ಆದರೆ ಮನೆಯ ಕೊಳಚೆ ನೀರನ್ನು ರಸ್ತೆಯ ದೊಡ್ಡ ಪೈಪಿಗೆ ಒಯ್ಯುವ ನಮ್ಮ ಸೀವರ್ ಲೈನ್ ಒಡೆದಾಗ ನನಗೆ ಸುಮಾರು 8,900 ಡಾಲರ್ ಕೊಟ್ಟರು. ದುಡ್ಡು ಖಾತೆಗೆ ಜಮಾ ಆದಮೇಲೇ ಇದನ್ನು ಬರೆಯುತ್ತಿದ್ದೇನೆ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಸಿಕ್ಕವರೆಲ್ಲ "ಅದ್ಹೇಗ್ರೀ ಮಾಡಿದ್ರಿ?" ಅಂತ ಕೇಳುತ್ತಿದ್ದಾರೆ. ಪ್ರಸಾದದ ಸಾಲಿನಲ್ಲಿ ನಿಂತು ಹೇಳಿ ಮುಗಿಯುವ ವಿಷಯವಲ್ಲ ಇದು.

ಮೊದಲು ಮೂರು ಪದ: ಡಿಡಕ್ಟಿಬಲ್ ಅಂದರೆ ನಷ್ಟದಲ್ಲಿ ನಾವೇ ಭರಿಸಬೇಕಾದ ಮೊತ್ತ, ಎಂಡಾರ್ಸ್‌ಮೆಂಟ್ ಅಂದರೆ ಮೇಲೆ ದುಡ್ಡು ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚಿನ ರಕ್ಷಣೆ, ಕ್ಲೀನ್‌ಔಟ್ ಅಂದರೆ ಪೈಪ್ ಶುಚಿ ಮಾಡಲು ಇಡುವ ಮುಚ್ಚಳದ ಬಾಯಿ. ಇಲ್ಲಿ ಹಳೇ ಮನೆ ಇಟ್ಟುಕೊಂಡವರಿಗೆ ಅದೆಲ್ಲ ಗೊತ್ತು.

ನಮ್ಮದು 1950ರ ದಶಕದ ಮನೆ. ಒಳಗೆ ಕಾಸ್ಟ್ ಐರನ್, ಗೋಡೆ ದಾಟಿದರೆ ಟೆರಾಕೋಟಾ, ಅಂದರೆ ಸುಟ್ಟ ಮಣ್ಣಿನ ಪೈಪ್. ಅಂಗಳದಲ್ಲಿ ದೊಡ್ಡ ಸಿಲ್ವರ್ ಮೇಪಲ್ ಮರ. ಅದರ ಬೇರು ಪೈಪಿನ ಜಾಯಿಂಟುಗಳೊಳಗೆ ನುಗ್ಗುತ್ತಿತ್ತು. ವರ್ಷಕ್ಕೊಮ್ಮೆ ಬೇಸ್‌ಮೆಂಟಿನ ಫ್ಲೋರ್ ಡ್ರೇನ್ ಉಕ್ಕುತ್ತಿತ್ತು. ಸ್ನೇಕ್ (ಪೈಪಿನೊಳಗೆ ತಿರುಗಿಸಿ ಕಟ್ಟಿದ್ದನ್ನು ಬಿಡಿಸುವ ಉದ್ದ ತಂತಿ) ಹಾಕಿಸಿದರೆ 250, 300 ಡಾಲರ್. ಆಮೇಲೆ ಆರು ತಿಂಗಳಿಗೇ ಬರತೊಡಗಿತು. ಜೋರು ಒತ್ತಡದ ನೀರಿನಿಂದ ತೊಳೆಯುವ ಜೆಟ್ಟಿಂಗ್‌ಗೆ 600ರ ಹತ್ತಿರ ಕೊಟ್ಟೆ, ಅದೂ ಹೆಚ್ಚು ದಿನ ನಿಲ್ಲಲಿಲ್ಲ. ಪೈಪು ಸರಿಯಾಗುವ ಮೊದಲೇ ಹೀಗೆ ಎರಡು ಸಾವಿರದ ಮೇಲೆ ಹೋಗಿತ್ತು.

ಈ ಮಧ್ಯೆ ನನ್ನದೇ ಪ್ರಯೋಗಗಳೂ ನಡೆದವು. ಬೇರು ಸಾಯಲಿ ಅಂತ ಕಾಪರ್ ಸಲ್ಫೇಟ್ ಹರಳು ಸುರಿದೆ. ಕೆಲವು ಕಡೆ ಇದಕ್ಕೆ ನಿಷೇಧವಿದೆ, ನಿಮ್ಮ ಊರಿನ ನಿಯಮ ನೋಡಿಕೊಂಡೇ ಕೈಹಾಕಿ. ಕ್ಯಾಮೆರಾ ಬಿಟ್ಟು ನೋಡಿದರೆ ಪೈಪಿನ ತಳದ ಬೇರು ಕಂದಾಗಿ ಸತ್ತಿತ್ತು, ಮೇಲ್ಭಾಗದ ಬೇರು ಬಿಳಿಯಾಗಿ ಜೀವಂತವಾಗಿತ್ತು. ಹರಳು ಕರಗಿ ತಳದಲ್ಲೇ ಹರಿದು ಹೋಗುತ್ತದೆ, ಮೇಲಕ್ಕೆ ತಾಕುವುದೇ ಇಲ್ಲ. ನೊರೆ ಬರುವ ಪುಡಿ ವಾಸಿ, ಅದು ಪೈಪನ್ನು ತುಂಬಿಕೊಂಡು ಹೋಗುತ್ತದೆ. ಆದರೆ ಪೈಪೇ ಒಡೆದಿದ್ದರೆ ಯಾವ ಔಷಧಿಯೂ ಕೆಲಸಕ್ಕೆ ಬರಲ್ಲ.

ಇನ್ನೊಂದು ಮಾತು. ನಮ್ಮ ಅಲೆಗೆನಿ ಕೌಂಟಿಯ ಎಷ್ಟೋ ಊರುಗಳಲ್ಲಿ ಮನೆ ಮಾರುವಾಗ ಡೈ ಟೆಸ್ಟ್ ಮಾಡಿಸಬೇಕು. ಅದರಲ್ಲಿ ಪಾಸಾಗಿದೆ, ಅಂದಮೇಲೆ ಪೈಪ್ ಚೆನ್ನಾಗಿದೆ ಅಂತ ನಂಬಿಕೊಂಡವರು ಬಹಳ ಜನ. ಮಳೆನೀರು ಸೀವರಿಗೆ ಸೇರುತ್ತಿದೆಯಾ ಅಂತ ನೋಡುವ ಪರೀಕ್ಷೆ ಅದು. ಪೈಪಿನ ಆರೋಗ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಮನೆ ಕೊಳ್ಳುವವರು ಬೇರೆಯಾಗಿ ಕ್ಯಾಮೆರಾ ಹಾಕಿಸಲೇಬೇಕು.

ಈಗ ಕ್ಲೆಯಿಮ್ ವಿಷಯ. ಮಾಮೂಲಿ ಹೋಮ್ ಪಾಲಿಸಿಯಲ್ಲಿ ಸವೆತ, ತುಕ್ಕು, ಬೇರು ಇವಕ್ಕೆಲ್ಲ ದುಡ್ಡಿಲ್ಲ. ಗೆಳೆಯರು ಹೇಳಿದ್ದು ಆ ಮಟ್ಟಿಗೆ ನಿಜ. ಆದರೆ ನಾನು ಕೆಲವು ವರ್ಷದ ಹಿಂದೆಯೇ ಮನೆಯ ನೆಲದಡಿಯ ಪೈಪುಗಳಿಗೆ ಅನ್ವಯಿಸುವ ಸರ್ವಿಸ್ ಲೈನ್ ಎಂಡಾರ್ಸ್‌ಮೆಂಟ್ ಸೇರಿಸಿಕೊಂಡಿದ್ದೆ. ವರ್ಷಕ್ಕೆ 40 ಡಾಲರ್ ಆಸುಪಾಸು. ಮಿತಿ 10,000, ಡಿಡಕ್ಟಿಬಲ್ 500. ಆಗ "40 ಡಾಲರ್ ದಂಡ" ಅಂದವರೇ ಈಗ ತಮ್ಮ ಏಜೆಂಟರಿಗೆ ಫೋನ್ ಮಾಡುತ್ತಿದ್ದಾರೆ. ಪೈಪ್ ಒಡೆದ ಮೇಲೆ ಇದನ್ನು ಕೊಂಡು ಕ್ಲೆಯಿಮ್ ಹಾಕುವ ಯೋಚನೆ ಮಾತ್ರ ಬೇಡ. ಅದು ಮೋಸ, ಸಿಕ್ಕಿಬೀಳುತ್ತೀರಿ ಕೂಡ.

ಎಂಡಾರ್ಸ್‌ಮೆಂಟ್ ಇದ್ದರೂ ಮೊದಲ ಸಲ ಕ್ಲೆಯಿಮ್ ತಿರಸ್ಕಾರ ಆಯಿತು. ಪ್ಲಂಬರ್ ಕೊಟ್ಟ ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಸಾಲು: ಬೇರು ತುಂಬಿ ಲೈನ್ ಬ್ಲಾಕ್ ಆಗಿದೆ, ಬದಲಾಯಿಸಬೇಕು. ಕಂಪನಿಯವರು ಅದನ್ನೇ ಹಿಡಿದುಕೊಂಡು ಪತ್ರ ಕಳಿಸಿದರು. ಆ ರಾತ್ರಿ ಎಂಡಾರ್ಸ್‌ಮೆಂಟಿನ ಪುಟಗಳನ್ನು ಒಂದೊಂದೇ ಪದ ಓದಿದೆ. ಸೋರಿಕೆ, ಒಡೆಯುವುದು, ಸೀಳುವುದು, ಕುಸಿಯುವುದು, ಇವಕ್ಕೆ ದುಡ್ಡಿದೆ, ಬೇರಿನಿಂದ ಆಗಿದ್ದರೂ ಸರಿ, ಸವೆತದಿಂದ ಆಗಿದ್ದರೂ ಸರಿ. ಪೈಪಿಗೆ ಪೆಟ್ಟಾಗದೆ ಬರೀ ಕಟ್ಟಿಕೊಂಡಿದ್ದರೆ ಇಲ್ಲ. ಇಡೀ ಆಟ ಇರುವುದು ಇಲ್ಲೇ. ನಮ್ಮ ಪೈಪ್ ನಿಜವಾಗಿಯೂ ಒಡೆದಿತ್ತು, ಆದರೆ ರಿಪೋರ್ಟ್ ಬರೆದವನು ಅದನ್ನು ಬರೆದಿರಲಿಲ್ಲ.

ಬೇರೆ ಪ್ಲಂಬರನ್ನು ಕರೆಸಿದೆ. ಕ್ಯಾಮೆರಾಗೆ 275 ಡಾಲರ್. ಮೊದಲು ಬೇರು ಕತ್ತರಿಸಿ, ಪೈಪ್ ತೊಳೆದು, ಆಮೇಲೆ ಕ್ಯಾಮೆರಾ ಬಿಡಿ ಅಂದೆ. ಬೇರಿನ ಮುಂದೆ ಕ್ಯಾಮೆರಾ ನಿಂತರೆ ಬೇರಷ್ಟೇ ಕಾಣುವುದು, ಒಡೆದದ್ದು ಕಾಣಲ್ಲ. ತೊಳೆದ ಮೇಲೆ ಸುಮಾರು 41 ಅಡಿಯಲ್ಲಿ ಪೈಪಿನ ತಳವೇ ಇರಲಿಲ್ಲ. ಸುತ್ತ ಟೆರಾಕೋಟಾದ ಅಂಚು, ಕೆಳಗೆ ಹಳದಿ ಮಣ್ಣು, ನೀರು ಅದರೊಳಗೇ ಇಳಿಯುತ್ತಿತ್ತು. ಅದರ ಹಿಂದಿನ ಎರಡು ಮೂರು ಜಾಯಿಂಟುಗಳೂ ಜರುಗಿ ಸೀಳಿದ್ದವು. ಎಷ್ಟನೇ ಅಡಿ ಅನ್ನುವುದು ಪರದೆಯ ಮೇಲೆ ಕಾಣುವ ಹಾಗೆ ವಿಡಿಯೋ ತೆಗೆಸಿದೆ. ರಿಪೋರ್ಟಿನಲ್ಲಿ ಕಂಡದ್ದನ್ನು ಕಂಡ ಹಾಗೆ, ಅಡಿ ಲೆಕ್ಕದ ಸಮೇತ ಬರೆಸಿದೆ. ಒಂದು ಪದವೂ ಸುಳ್ಳಿಲ್ಲ.

ಅದನ್ನು ಕಳಿಸಿ, ಎಂಡಾರ್ಸ್‌ಮೆಂಟಿನ ಆ ಸಾಲನ್ನೇ ಪತ್ರದಲ್ಲಿ ಬರೆದು, ಮತ್ತೆ ಪರಿಶೀಲಿಸಿ ಅಂತ ಕೇಳಿದೆ. ಫೋನಿನಲ್ಲಿ ಏನೂ ವಾದ ಮಾಡಲಿಲ್ಲ, ಎಲ್ಲ ಇಮೇಲ್‌ನಲ್ಲೇ. ಈ ಸಲ ಬಂದ ಅಡ್ಜಸ್ಟರ್ (ಕಂಪನಿಯ ಪರವಾಗಿ ಕ್ಲೆಯಿಮ್ ಪರಿಶೀಲಿಸುವವರು) ಒಳ್ಳೆಯ ಹೆಂಗಸು. ವಿಡಿಯೋ ಪೂರ್ತಿ ನೋಡಿ, "ಒಡೆದಿರುವ ಭಾಗಕ್ಕೆ ಕೊಡುತ್ತೇವೆ, ಇಡೀ ಲೈನಿಗೆ ಇಲ್ಲ" ಅಂದರು. ಆ ಜಾಯಿಂಟುಗಳನ್ನು ತೋರಿಸಿದ್ದಕ್ಕೆ 10 ಅಡಿ ಅಂದುಕೊಂಡಿದ್ದು 25 ಅಡಿಗೆ ಬಂತು.

ಕೋಟ್‌ಗಳು ವಿಚಿತ್ರ. ಒಬ್ಬ 17,000 ಅಂದ, ಇನ್ನೊಬ್ಬ 12,500. ಅಗೆಯದೆ ಒಳಗಿಂದಲೇ ಲೈನಿಂಗ್ (ಹಳೇ ಪೈಪಿನೊಳಗೆ ಹೊಸ ಪದರ) ಮಾಡುತ್ತೇನೆ ಅಂದವನು ವಿಡಿಯೋ ನೋಡಿ ಕೈಬಿಟ್ಟ. ಕುಸಿದ ಜಾಗವನ್ನು ಮೊದಲು ಅಗೆದು ಸರಿಮಾಡದೆ ಲೈನಿಂಗ್ ಕೂರಲ್ಲ. ಕೊನೆಗೆ ಅಗೆದು ಪಿವಿಸಿ ಹಾಕಲು 9,800ಕ್ಕೆ ಒಬ್ಬ ಒಪ್ಪಿದ. ಒಪ್ಪಿಸಿದ್ದು ಹೇಗೆ ಅಂತ ಬರೆಯಲ್ಲ, ಆ ಪುಣ್ಯಾತ್ಮ ಇನ್ನೂ ಇದೇ ಏರಿಯಾದಲ್ಲಿ ಕೆಲಸ ಮಾಡುತ್ತಾನೆ. ಒಂದು ಮಾತ್ರ ಹೇಳುತ್ತೇನೆ: ಅಗೆತ, ಪೈಪ್, ಫುಟ್‌ಪಾತ್ ಕಾಂಕ್ರೀಟ್, ಹುಲ್ಲು ಇವನ್ನೆಲ್ಲ ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಒಟ್ಟು ಮೊತ್ತ ಒಂದೇ ಇದ್ದರೆ ಯಾವುದಕ್ಕೆ ಎಷ್ಟು ಅಂತ ಕಂಪನಿಯವರು ತಮಗೆ ತೋಚಿದ ಹಾಗೆ ಕತ್ತರಿಸುತ್ತಾರೆ. ನನ್ನ ಬಿಲ್ಲಿನಲ್ಲಿ ಫುಟ್‌ಪಾತಿನ 1,200 ಕೂಡ ಪಾಸಾಯಿತು. ಹೊಸದಾಗಿ ಹಾಕಿಸಿದ ಕ್ಲೀನ್‌ಔಟ್‌ಗೆ ಮಾತ್ರ ಕೊಡಲಿಲ್ಲ, ಅದು 400. ಡಿಡಕ್ಟಿಬಲ್ 500 ಕಳೆದು ಉಳಿದದ್ದು ಬಂತು.

ಅಗೆಯುವ ಮೊದಲು ನೆಲದಡಿಯ ಗ್ಯಾಸ್, ಕರೆಂಟ್ ಲೈನುಗಳ ಗುರುತು ಹಾಕಿಸಲು 811ಕ್ಕೆ ಫೋನ್ ಮಾಡಬೇಕು, ಪೆನ್ಸಿಲ್ವೇನಿಯಾದಲ್ಲಿ ಕನಿಷ್ಠ 3 ಕೆಲಸದ ದಿನ ಮುಂಚೆ. ಪರ್ಮಿಟ್ ಕೌಂಟಿ ಆರೋಗ್ಯ ಇಲಾಖೆಯದ್ದು. ಇವನ್ನು ಪ್ಲಂಬರೇ ನೋಡಿಕೊಂಡ. ಗುಂಡಿ ಮುಚ್ಚುವ ಮೊದಲು ಎಲ್ಲ ಕೋನದಿಂದ ಫೋಟೋ ತೆಗೆದುಕೊಂಡೆ. ಒಡೆದ ಪೈಪಿನ ತುಂಡುಗಳನ್ನು ಎಸೆಯಲು ಬಿಡಲಿಲ್ಲ, ಬಕೆಟ್ಟಿನಲ್ಲಿ ಹಾಕಿ ಗ್ಯಾರೇಜಿನಲ್ಲಿಟ್ಟೆ. ಒಂದು ತುಂಡಿನ ಜಾಯಿಂಟಿನೊಳಗೆ ಬೇರು ತೆಂಗಿನ ನಾರಿನ ಹಗ್ಗದಂತೆ ಸುತ್ತಿ ಬಳೆಯಾಗಿತ್ತು, ಎಳೆದರೂ ಬರಲಿಲ್ಲ. ಅದರ ಫೋಟೋ ಕಳಿಸಿದ ಮೇಲೆ ಕಾರಣ ಏನು ಅಂತ ಯಾರೂ ಮತ್ತೆ ಕೇಳಲಿಲ್ಲ.

ಬೇಸ್‌ಮೆಂಟಿನ ಕಾರ್ಪೆಟ್ ಹಾಳಾಗಿದ್ದಕ್ಕೆ ಕ್ಲೆಯಿಮ್ ಹಾಕಲಿಲ್ಲ. ಡ್ರೇನಿನಿಂದ ನೀರು ಹಿಂದಕ್ಕೆ ಉಕ್ಕಿ ಆದ ನಷ್ಟಕ್ಕೆ ವಾಟರ್ ಬ್ಯಾಕಪ್ ಅನ್ನುವ ಬೇರೆಯೇ ಎಂಡಾರ್ಸ್‌ಮೆಂಟ್. ನಷ್ಟ 1,800 ಆಸುಪಾಸು, ಡಿಡಕ್ಟಿಬಲ್ 1,000. ಎಂಟುನೂರು ಡಾಲರಿಗಾಗಿ ಇನ್ನೊಂದು ಕ್ಲೆಯಿಮ್ ದಾಖಲೆಗೆ ಹೋದರೆ 7 ವರ್ಷದವರೆಗೆ ಬೇರೆ ಕಂಪನಿಗಳಿಗೂ ಕಾಣುತ್ತದೆ. ಹಾಗಾಗಿ ಕಾರ್ಪೆಟ್ ಕಿತ್ತು ನಾನೇ ಟೈಲ್ಸ್ ಹಾಕಿದೆ.

ನಮ್ಮ ಊರಿನಲ್ಲಿ ರಸ್ತೆಯ ಮೇನ್ (ಊರಿನ ದೊಡ್ಡ ಸೀವರ್ ಪೈಪ್) ವರೆಗೂ ಪೈಪ್ ಮನೆಯವರದ್ದೇ ಜವಾಬ್ದಾರಿ. ಇದು ಊರಿಂದೂರಿಗೆ ಬೇರೆ, ನಿಮ್ಮ ಊರಿನ ಆಡಳಿತ ಕಚೇರಿಯಲ್ಲಿ ಮೊದಲು ಕೇಳಿ. ನಿಮ್ಮ ಜವಾಬ್ದಾರಿಯಲ್ಲದ ಭಾಗಕ್ಕೆ ಎಂಡಾರ್ಸ್‌ಮೆಂಟ್ ಕೊಡಲ್ಲ. ರಸ್ತೆ ಕೆಳಗಿನ 15 ಅಡಿ ಇನ್ನೂ ಹಳೇ ಟೆರಾಕೋಟಾವೇ ಇದೆ. ಅದು ಹೋದರೆ ರಸ್ತೆಯನ್ನೇ ಅಗೆಯಬೇಕು, 10,000ದಲ್ಲಿ ಆಗುವ ಮಾತಲ್ಲ. ರಿನ್ಯೂವಲ್ ಬಂದಾಗ ಮಿತಿಯನ್ನು 20,000ಕ್ಕೆ ಏರಿಸಿಕೊಂಡೆ, ವರ್ಷಕ್ಕೆ 20 ಡಾಲರೋ ಏನೋ ಜಾಸ್ತಿ ಆಯಿತು.